ಟಗರುಮರಿ ಎಷ್ಟು ಕೆ.ಜಿ.ಗೆ ಕೊಯ್ದರೆ ಒಳ್ಳೆಯದು? 16, 24, 32: ಮೂರು ತೂಕಗಳ ಹೋಲಿಕೆ

25 ಕೆ.ಜಿ. ತೂಗುವ ಬನ್ನೂರು ಟಗರು, 25 ಕೆ.ಜಿ. ತೂಗುವ ಕೆಂಗುರಿ ಟಗರು. ತಕ್ಕಡಿಗೆ ಎರಡೂ ಒಂದೇ. ಸುಲಿದು ಕೊಕ್ಕೆಗೆ ತೂಗುಹಾಕಿದ ಮೇಲೆ ಒಂದೇ ಅಲ್ಲ. ಬನ್ನೂರಿನದು ತೊಡೆ ತುಂಬಿ, ಬೆನ್ನ ಮೇಲೆ ತೆಳುವಾದ ನೆಣದ (ಕೊಬ್ಬಿನ) ಹೊದಿಕೆ ಬಂದು ಕೊಯ್ಲಿಗೆ ಹದವಾಗಿರುತ್ತದೆ. ಕೆಂಗುರಿಯದು ಉದ್ದ ಕಾಲು, ಚಪ್ಪಟೆ ತೊಡೆ. ಅದಿನ್ನೂ ಎಲುಬು ಬೆಳೆಸುತ್ತಿರುವ ಮರಿ. ಆದ್ದರಿಂದ "ಎಷ್ಟು ಕೆ.ಜಿ.ಗೆ ಕೊಡಲಿ?" ಅಂತ ಕೇಳಿದವರಿಗೆ ಮೊದಲು ಕೇಳಬೇಕಾದ ಮರುಪ್ರಶ್ನೆ: ಯಾವ ತಳಿ, ವಯಸ್ಸೆಷ್ಟು, ಯಾರ ಅಡುಗೆಮನೆಗೆ?

ತಳಿ ಮೊದಲು, ತಕ್ಕಡಿ ಆಮೇಲೆ

ಮರಿಯ ಮೈ ಬೆಳೆಯುವುದಕ್ಕೆ ಒಂದು ಸರದಿ ಇದೆ. ಮೊದಲು ಎಲುಬು, ನಂತರ ಖಂಡ (ಎಲುಬು, ನೆಣ ಬಿಟ್ಟ ಸ್ನಾಯುಮಾಂಸ), ಕೊನೆಗೆ ನೆಣ. ನೆಣದಲ್ಲೂ ಸರದಿ ಉಂಟು: ಮೊದಲು ಹೊಟ್ಟೆಯೊಳಗಿನ ಜಾಲರಿ ಮತ್ತು ಮೂತ್ರಪಿಂಡದ ಸುತ್ತ, ಆಮೇಲೆ ಸ್ನಾಯುಗಳ ನಡುವೆ, ಆಮೇಲೆ ಚರ್ಮದಡಿ, ಎಲ್ಲಕ್ಕಿಂತ ಕೊನೆಗೆ ಖಂಡದ ಎಳೆಗಳ ಒಳಗೆ. ನಾಲಿಗೆಗೆ ರುಚಿ ಕೊಡುವುದು ಈ ಕೊನೆಯದು. ಬೇಗ ಬಂದು ಕೂರುವುದೋ, ಗಿರಾಕಿ ಪಕ್ಕಕ್ಕೆ ಸರಿಸುವ ಮೊದಲನೆಯದು. ಕೊಯ್ಲಿನ ತೂಕ ಆರಿಸುವುದು ಎಂದರೆ ಈ ಸರದಿಯ ಯಾವ ಘಟ್ಟದಲ್ಲಿ ಮರಿಯನ್ನು ಹಿಡಿಯಬೇಕು ಎಂದು ಆರಿಸುವುದು.

ಹೊಲದಲ್ಲಿ ಬಳಸಲು ಒಂದು ಅಂದಾಜು ಸಾಕು: ಆ ತಳಿಯ ಪೂರ್ತಿ ಬೆಳೆದ ಟಗರಿನ ತೂಕದ ಶೇ. 60ರಿಂದ 65. ಬನ್ನೂರಿನ ದೊಡ್ಡ ಟಗರು ಸುಮಾರು 35 ಕೆ.ಜಿ. ತೂಗಿದರೆ ಅದರ ಮರಿ 21–23 ಕೆ.ಜಿ.ಗೆ ಹದ. ಡೆಕ್ಕನಿ, ಬಳ್ಳಾರಿ ತಳಿಗಳಲ್ಲಿ 40ರ ಆಸುಪಾಸಿನ ಟಗರಿದ್ದರೆ 24–26. ಕೆಂಗುರಿಯಲ್ಲಿ 45 ದಾಟುವ ಸಾಲಿನದಾದರೆ 27–29. ನಿಮ್ಮ ಹಟ್ಟಿಯ ಬೀಜದ ಟಗರನ್ನೇ ಒಮ್ಮೆ ತೂಗಿ ಲೆಕ್ಕ ಹಾಕಿದರೆ ಪುಸ್ತಕದ ಅಂಕಿಗಿಂತ ಸರಿಯಾದ ಉತ್ತರ ಸಿಗುತ್ತದೆ.

ಕೆಳಗಿನ ಕೋಷ್ಟಕ ಮಧ್ಯಮ ಗಾತ್ರದ ನಾಟಿ ತಳಿಯ, ಕೈತಿಂಡಿ (ಕಾಳು, ಹಿಂಡಿ, ಬೂಸಾದ ಮಿಶ್ರಣ) ತಿಂದು ಬೆಳೆದ ಟಗರುಮರಿಗೆ ಹೊಂದುವ ಅಂದಾಜು. ಬರೀ ಬಯಲಲ್ಲಿ ಮೇದ ಮರಿಗೆ ಇಳುವರಿ, ಅಂದರೆ ತಲೆ, ಚರ್ಮ, ಒಳಾಂಗ ತೆಗೆದ ಸುಲಿದ ಮೈಯ ಪಾಲು, ಶೇ. 3–4 ಕಮ್ಮಿ ಹಿಡಿಯಿರಿ. ಅದರ ಹೊಟ್ಟೆ ದೊಡ್ಡದು.

| | 16 ಕೆ.ಜಿ. | 24 ಕೆ.ಜಿ. | 32 ಕೆ.ಜಿ. |
|---|---|---|---|
| ವಯಸ್ಸು | 4–5 ತಿಂಗಳು | 6–8 ತಿಂಗಳು | 9–12 ತಿಂಗಳು |
| ಸುಲಿದ ಮೈ (ಜೀವತೂಕದ ಶೇ.) | 42–45 | 46–48 | 48–51 |
| ಸುಲಿದ ಮೈ (ಕೆ.ಜಿ.) | 7 | 11.3 | 15.8 |
| ಎಲುಬು (ಸುಲಿದ ಮೈಯ ಶೇ.) | 25 | 21–22 | 18–19 |
| ನೆಣ (ಸುಲಿದ ಮೈಯ ಶೇ.) | 6–7 | 11 | 17–18 |

ಈ ಅಂಕಿಗಳನ್ನು ಬಿಡಿಸಿ ನೋಡಿದರೆ ವ್ಯಾಪಾರದ ಗುಟ್ಟು ಕಾಣುತ್ತದೆ. 16ರಿಂದ 24ಕ್ಕೆ ಏರಿದ 8 ಕೆ.ಜಿ.ಯಲ್ಲಿ ಸುಲಿದ ಮೈಗೆ ಸೇರುವುದು ಸುಮಾರು 4.3 ಕೆ.ಜಿ.; ಅದರಲ್ಲಿ ಖಂಡ 2.8, ನೆಣ 0.8, ಎಲುಬು 0.7. 24ರಿಂದ 32ಕ್ಕೆ ಏರಿದ 8 ಕೆ.ಜಿ.ಯಲ್ಲಿ ಸುಲಿದ ಮೈಗೆ ಸೇರುವುದು 4.5 ಕೆ.ಜಿ.; ಖಂಡ 2.5, ನೆಣ 1.5, ಎಲುಬು ಅರ್ಧ ಕೆ.ಜಿ. ಇಳುವರಿಯ ಶೇಕಡಾವಾರು ಏರಿತು ಅಂತ ಸಂತೋಷಪಡುವವರು ಆ ಏರಿಕೆಯಲ್ಲಿ ಮೂರನೇ ಒಂದು ಪಾಲು ನೆಣ ಎಂಬುದನ್ನು ಮರೆಯುತ್ತಾರೆ. ಇದರ ಮೇಲೆ ಹೊಟ್ಟೆಯ ಜಾಲರಿ ನೆಣ ಬೇರೆ. ಅದು ಸುಲಿದ ಮೈಯ ಲೆಕ್ಕಕ್ಕೂ ಬರುವುದಿಲ್ಲ, ಮೇವು ಮಾತ್ರ ತಿಂದಿರುತ್ತದೆ.

ತೂಗುವುದರಲ್ಲೇ ಆಗುವ ಮೋಸ

ತುಂಬಿದ ಹೊಟ್ಟೆಯ ಮರಿ ತನ್ನ ತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚನ್ನು ಮೇವು, ನೀರಾಗಿ ಹೊತ್ತಿರುತ್ತದೆ. ಸಂತೆಯ ಹಿಂದಿನ ರಾತ್ರಿ ಉಪ್ಪು ನೆಕ್ಕಿಸಿ ಬೆಳಿಗ್ಗೆ ನೀರು ಕುಡಿಸುವ ಹಳೆಯ ಕೈಚಳಕ ಎಲ್ಲರಿಗೂ ಗೊತ್ತಿದ್ದದ್ದೇ. 25 ಕೆ.ಜಿ. ಮರಿಯಲ್ಲಿ ಎರಡು ಕೆ.ಜಿ. ಹೀಗೆ ಆಚೀಚೆ ಆಗುತ್ತದೆ. ಹೋಲಿಕೆ ಮಾಡುವುದಾದರೆ 12 ಗಂಟೆ ಮೇವು ತಪ್ಪಿಸಿ, ನೀರು ಮಾತ್ರ ಇಟ್ಟು, ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಬೇಕು. ಕೊಯ್ಯುವ ಮುಂಚೆಯೂ ಇದೇ ಕ್ರಮ. ಹೊಟ್ಟೆ ಬರಿದಿದ್ದರೆ ಕರುಳು ಒಡೆದು ಮಾಂಸಕ್ಕೆ ಹೊಲಸು ತಾಗುವ ಭಯವೂ ಕಡಿಮೆ. ನೀರು ಮಾತ್ರ ತಪ್ಪಿಸಬಾರದು. ಬಾಯಾರಿದ ಮರಿಯ ಚರ್ಮ ಬಿಗಿದು ಸುಲಿಯುವುದೇ ಕಷ್ಟವಾಗುತ್ತದೆ.

16 ಕೆ.ಜಿ.: ಎಳೆ ಮಾಂಸ, ದುಬಾರಿ ಎಲುಬು

ಮಾಂಸ ತಿಳಿ ಗುಲಾಬಿ, ಎಳೆ ಸಣ್ಣದು, ಕುರಿ ವಾಸನೆ ಹೆಚ್ಚುಕಮ್ಮಿ ಇಲ್ಲ. ಕುಕ್ಕರಿನಲ್ಲಿ ಎರಡು ಮೂರು ಕೂಗಿಗೆ ಬೆಂದುಬಿಡುತ್ತದೆ. ಮೆಡಿಟರೇನಿಯನ್ ದೇಶಗಳಲ್ಲಿ ಇಂಥ ಹಗುರ ಮರಿಗೆ ದೊಡ್ಡ ಮಾರುಕಟ್ಟೆಯೇ ಇದೆ; ಯುರೋಪಿಯನ್ ಒಕ್ಕೂಟದಲ್ಲಿ ಸುಲಿದ ಮೈ 13 ಕೆ.ಜಿ.ಗಿಂತ ಕಮ್ಮಿ ಇರುವ ಮರಿಗಳಿಗೆ ಪ್ರತ್ಯೇಕ ವರ್ಗೀಕರಣವನ್ನೇ ಇಟ್ಟಿದ್ದಾರೆ. ಆದರೆ ಅಲ್ಲಿ ಇಡೀ ತೊಡೆಯನ್ನು ಒಲೆಯಲ್ಲಿ ಸುಡುತ್ತಾರೆ. ನಮ್ಮಲ್ಲಿ ತುಂಡು ಮಾಡಿ ಸಾರಿಗೆ ಹಾಕುತ್ತೇವೆ. ಆ ಸಾರಿಗೆ ಈ ಮರಿ ತೆಳು: ತುಂಡು ಬಿಚ್ಚಿಹೋಗುತ್ತದೆ, ಮೂಳೆಯಿಂದ ಇಳಿಯುವ ಸತ್ವವೂ ನೆಣವೂ ಕಡಿಮೆ, ಮಸಾಲೆ ಮೇಲೆದ್ದು ಮಾಂಸ ಹಿಂದೆ ಬೀಳುತ್ತದೆ.

ಹಣದ ಲೆಕ್ಕ ಇನ್ನೂ ಕೆಟ್ಟದು. ಸುಲಿಯುವ ಕೂಲಿ, ಸಾಗಾಟ ಎಲ್ಲವೂ ತಲೆಗಿಷ್ಟು. 16ರ ಮರಿಗೂ 32ರ ಮರಿಗೂ ಒಂದೇ. 7 ಕೆ.ಜಿ. ಮೈಯಲ್ಲಿ ಒಂದೂಮುಕ್ಕಾಲು ಕೆ.ಜಿ. ಎಲುಬು. ಕಸಾಯಿ ಇದನ್ನು ಕೊಳ್ಳುವಾಗ ದರ ಇಳಿಸುವುದು ಸುಮ್ಮನೆ ಅಲ್ಲ. ಕಾನೂನಿನ ಗೆರೆಯೂ ನೆನಪಿರಲಿ: 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಮೂರು ತಿಂಗಳು ತುಂಬದ ಮರಿಯನ್ನು ಕೊಯ್ಯುವಂತಿಲ್ಲ.

ಹಾಗಾದರೆ ಯಾವಾಗ? ಮೇವು ತೀರಿ ಮುಂದಿನ ಮೂರು ತಿಂಗಳು ಸಾಕುವ ದಾರಿಯೇ ಇಲ್ಲದಾಗ. ಆಗಲೂ ಕೊಯ್ಲಿಗೆ ಕೊಡುವುದಕ್ಕಿಂತ ಸಾಕುವವರಿಗೆ ಮಾರುವುದು ಲೇಸು. ಅಮೀನಗಡ, ಕೆರೂರು, ಶಿರಾದಂಥ ಸಂತೆಗಳಲ್ಲಿ ಈ ಗಾತ್ರದ ಮರಿಗೆ ಸಾಕುವ ಗಿರಾಕಿ ಮಾಂಸದ ಗಿರಾಕಿಗಿಂತ ಹೆಚ್ಚು ಕೊಡುವುದು ಸಾಮಾನ್ಯ. ಬನ್ನೂರು ತಳಿಗೆ ಮಾತ್ರ ರಿಯಾಯಿತಿ ಇದೆ. ಗಿಡ್ಡ ಕಾಲು, ಅಗಲ ಹಿಂಭಾಗದ ಅದು 18 ಕೆ.ಜಿ.ಗೇ ತೊಡೆ ತುಂಬಿಸಿಕೊಳ್ಳುತ್ತದೆ.

24 ಕೆ.ಜಿ.: ಬಹುತೇಕರಿಗೆ ಇದೇ

ಮಾಂಸದ ಅಂಗಡಿ, ಮನೆ ಅಡುಗೆ, ಬಿರಿಯಾನಿ ಮೂರಕ್ಕೂ ಒಪ್ಪುವ ಮರಿ ಈ ಅಂತರದಲ್ಲೇ ಸಿಗುವುದು, ಅಂದರೆ 22ರಿಂದ 26. ಮೈ 10ರಿಂದ 12 ಕೆ.ಜಿ. ತುಂಡು ಬೆಂದ ಮೇಲೂ ಆಕಾರ ಬಿಡುವುದಿಲ್ಲ. ಹಾಗಂತ ಹಲ್ಲಿಗೆ ನಾರೂ ಸಿಗುವುದಿಲ್ಲ. ನೆಣ ಬೆನ್ನ ಮೇಲೆ ಒಂದೆರಡು ಮಿಲಿಮೀಟರು ಮಾತ್ರ. ಅಷ್ಟು ಬೇಕು: ತೂಗುಹಾಕಿದ ಮೈ ಒಣಗದಂತೆ ಕಾಯುವುದೇ ಅದು.

ಮೇವಿನ ಲೆಕ್ಕವೂ ಇಲ್ಲಿಯವರೆಗೆ ನಿಮ್ಮ ಕಡೆಗಿದೆ. 15ರಿಂದ 25 ಕೆ.ಜಿ.ವರೆಗೆ ಒಂದು ಕೆ.ಜಿ. ತೂಕ ಏರಲು ಒಣತೂಕದ (ನೀರಿನಂಶ ಕಳೆದ) ಲೆಕ್ಕದಲ್ಲಿ ಸುಮಾರು 6–7 ಕೆ.ಜಿ. ಮೇವು ಬೇಕು. 25 ದಾಟಿದ ಮೇಲೆ ಅದು 8–10ಕ್ಕೆ ಏರುತ್ತದೆ. ಕಾರಣ ಸರಳ. ಖಂಡದಲ್ಲಿ ನಾಲ್ಕನೇ ಮೂರು ಪಾಲು ನೀರು; ನೀರಿಗೆ ಮೇವಿನ ಖರ್ಚಿಲ್ಲ. ನೆಣದಲ್ಲಿ ನೀರು ಅತ್ಯಲ್ಪ; ಅದರ ಪ್ರತಿ ಗ್ರಾಮಿಗೆ 9 ಕಿಲೋ ಕ್ಯಾಲೊರಿಗೂ ಮಿಕ್ಕಿ ಶಕ್ತಿ ತುಂಬಬೇಕು. ಒಣತೂಕದ ಮೇವು ಕೆ.ಜಿ.ಗೆ 15 ರೂಪಾಯಿ ಬೀಳುತ್ತದೆ ಅಂದುಕೊಳ್ಳಿ: 25ಕ್ಕೆ ಮುಂಚೆ ಒಂದು ಕೆ.ಜಿ. ಜೀವತೂಕಕ್ಕೆ ಮೇವಿನ ಖರ್ಚು ನೂರು ರೂಪಾಯಿಯ ಆಸುಪಾಸು, ಆಮೇಲೆ 135ರ ಸುತ್ತ. ಖರೀದಿದಾರ ಕೊಡುವ ದರ ಮಾತ್ರ ಎರಡಕ್ಕೂ ಒಂದೇ.

ಈ ತೂಕವನ್ನು 7 ತಿಂಗಳೊಳಗೆ ಮುಟ್ಟಬೇಕಾದರೆ ಹಾಲು ಬಿಡಿಸಿದ ಮೇಲೆ ದಿನಕ್ಕೆ 100 ಗ್ರಾಂ ಏರಿಕೆ ಇರಬೇಕು. ಬಯಲು ಮೇಯುವುದರ ಜೊತೆಗೆ 200ರಿಂದ 300 ಗ್ರಾಂ ಕೈತಿಂಡಿ ಹಾಕಿ. ಮೆಕ್ಕೆಜೋಳದ ನುಚ್ಚು ಅರ್ಧ, ಶೇಂಗಾ ಹಿಂಡಿ ಕಾಲು, ಉಳಿದದ್ದು ಗೋಧಿ ಬೂಸಾ, ನೂರು ಕೆ.ಜಿ. ಮಿಶ್ರಣಕ್ಕೆ 2 ಕೆ.ಜಿ. ಖನಿಜ ಮಿಶ್ರಣ, 1 ಕೆ.ಜಿ. ಉಪ್ಪು. ಮೊದಲ ದಿನವೇ ಪೂರ್ತಿ ಸುರಿಯಬೇಡಿ. 50 ಗ್ರಾಂನಿಂದ ಶುರುಮಾಡಿ ಎರಡು ವಾರದಲ್ಲಿ ಏರಿಸಿ. ಅವಸರ ಮಾಡಿದರೆ ಹೊಟ್ಟೆ ಹುಳಿತು ಮರಿ ಮೇವು ಬಿಡುತ್ತದೆ. ಕರುಳುಬೇನೆಗೆ (ಅತಿಯಾಗಿ ತಿಂದಾಗ ಕರುಳಿನ ಸೂಕ್ಷ್ಮಾಣು ವಿಷ ಬಿಡುವ ರೋಗ) ಲಸಿಕೆ ಹಾಕಿಸದ ಹಿಂಡಿನಲ್ಲಿ ಚೆನ್ನಾಗಿ ತಿನ್ನುವ, ದಪ್ಪಗಿರುವ ಮರಿಯೇ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ.

ಅವಳಿ ಮರಿಗಳಿಗೆ ಈ ಲೆಕ್ಕದಲ್ಲಿ ಒಂದು ತಿಂಗಳು ಸೇರಿಸಿ. ನಾರಿ ಸುವರ್ಣದಂಥ ಅವಳಿ ಹಾಕುವ ತಳಿ ಸಾಕಿದವರು ಒಂಟಿ ಮರಿಯ ವೇಗವನ್ನು ನಿರೀಕ್ಷಿಸಿ ನಿರಾಶರಾಗುವುದುಂಟು. ಅವು ಹುಟ್ಟುವಾಗಲೇ ಹಗುರ, ಹಾಲಿನಲ್ಲೂ ಪಾಲು. ಆದರೆ ತಾಯಿಯೊಂದರಿಂದ ಸಿಗುವ ಒಟ್ಟು ಮಾಂಸ ಹೆಚ್ಚು.

ಹಳೇ ಮೈಸೂರು ಸೀಮೆಯವರಿಗೆ ಇನ್ನೊಂದು ಮಾತು. ಯುಗಾದಿಯ ಮರುದಿನದ ಹೊಸತೊಡಕಿಗೆ ಗುಡ್ಡೆಬಾಡು (ಕೂಡಿ ಕೊಂಡು ಗುಡ್ಡೆಗಳಾಗಿ ಹಂಚಿಕೊಳ್ಳುವ ಮಾಂಸ) ಹಾಕುವವರು ಹುಡುಕುವುದು ಇದೇ ತೂಕವನ್ನು. ಆ ಹೊತ್ತಿಗೆ 24 ಮುಟ್ಟಬೇಕಾದ ಮರಿ ಸೆಪ್ಟೆಂಬರ್ ಹೊತ್ತಿಗೆ ಹುಟ್ಟಿರಬೇಕು. ಐದು ತಿಂಗಳ ಗರ್ಭ ಹಿಂದಕ್ಕೆ ಎಣಿಸಿದರೆ ಟಗರು ಬಿಡಬೇಕಾದ್ದು ಏಪ್ರಿಲ್‌ನಲ್ಲಿ. ಬೇಸಿಗೆಯ ಆ ತಿಂಗಳಲ್ಲಿ ತಾಯಿ ಕುರಿಗಳು ಸೊರಗಿ ಗಬ್ಬ ನಿಲ್ಲುವುದೇ ಕಡಿಮೆ. ಹೊಸತೊಡಕಿನ ದರ ಯಾಕೆ ಏರುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ.

32 ಕೆ.ಜಿ.: ಹೋಟೆಲಿಗೆ ಸರಿ, ಷರತ್ತು ಇದೆ

ಗುಂಪು ಅಡುಗೆಗೆ ದೊಡ್ಡ ತುಂಡು, ಕೈಮ, ಚಾಪ್ಸ್ ಬೇಕೆಂದರೆ ಇದು ಲಾಭ. ಎಲುಬಿನ ಪಾಲು ಕಡಿಮೆ, ಪಕ್ಕೆಲುಬಿನ ತುಂಡಿನ ಮೇಲೆ ಖಂಡ ಕಾಣುವಷ್ಟಿರುತ್ತದೆ, ಬಣ್ಣ ಕಡುಗೆಂಪು, ಸಾರಿಗೆ ಮೈ ಬರುತ್ತದೆ. ಕೆಂಗುರಿಯಂಥ ಎತ್ತರದ ತಳಿಗೆ 30 ಕೆ.ಜಿ. ಅತಿಯಲ್ಲ. ಅದೇ ಬನ್ನೂರನ್ನು 32ಕ್ಕೆ ಎಳೆದರೆ ನೀವು ತೂಗುತ್ತಿರುವುದು ನೆಣವನ್ನು.

ಕುರಿ ನೆಣದ ಸ್ವಭಾವ ಗೊತ್ತಿದ್ದರೆ ಗಿರಾಕಿಯ ದೂರು ಅರ್ಥವಾಗುತ್ತದೆ. ಅದು ಗಟ್ಟಿ ನೆಣ. ಕರಗಲು ನಲವತ್ತೈದು ಡಿಗ್ರಿಯ ಆಸುಪಾಸಿನ ಶಾಖ ಬೇಕು. ಮನೆಯಲ್ಲಿ ಹಬೆಯಾಡುವ ಮುದ್ದೆ ಸಾರಿನಲ್ಲಿ ಅದು ರುಚಿ. ಇನ್ನೂರು ಎಲೆ ಹಾಕಿದ ಬಾಡೂಟದಲ್ಲಿ ಕೊನೆಯ ಪಂಕ್ತಿಗೆ ಸಾರು ತಣಿದಿರುತ್ತದೆ. ಅಲ್ಲಿ ಅದೇ ನೆಣ ಅಂಗುಳಿಗೆ ಮೇಣದ ಹಾಗೆ ಅಂಟುತ್ತದೆ. ದೊಡ್ಡ ಊಟಕ್ಕೆ ಭಾರದ ಟಗರು ಆರಿಸುವವರು ಮೂತ್ರಪಿಂಡದ ನೆಣವನ್ನೂ ಬೆನ್ನ ಮೇಲಿನ ದಪ್ಪ ಪದರವನ್ನೂ ಕೊಯ್ದು ತೆಗೆದ ಮೇಲಿನ ತೂಕಕ್ಕೆ ದರ ಮಾತಾಡುವುದು ಒಳ್ಳೆಯದು.

ವಾಸನೆಯ ದೂರೂ ಈ ತೂಕದಿಂದಲೇ ಶುರು. ಬೀಜ ಒಡೆಸದ (ವೃಷಣ ನಿಷ್ಕ್ರಿಯ ಮಾಡಿಸದ) ಟಗರು ಪ್ರಾಯಕ್ಕೆ ಬಂದ ಮೇಲೆ ನೆಣದಲ್ಲಿ ಕವಲೊಡೆದ ಕೊಬ್ಬಿನಾಮ್ಲಗಳು ಶೇಖರವಾಗುತ್ತವೆ; ಜನ "ಟಗರು ನಾತ" ಅನ್ನುವುದು ಬಹುಮಟ್ಟಿಗೆ ಇದನ್ನೇ. ಅದು ಕೂತಿರುವುದು ನೆಣದಲ್ಲಿ, ಆದ್ದರಿಂದ ನೆಣ ತೆಗೆದರೆ ಬಹಳಷ್ಟು ಹೋಗುತ್ತದೆ. ಬರೀ ಕಾಳಿನ ಮೇಲೆ ಕೊಬ್ಬಿಸಿದ ಇಂಥ ಟಗರುಗಳ ನೆಣ ಮೆತ್ತಗೆ, ಜಿಡ್ಡಾಗಿ, ತೂಗುಹಾಕಿದರೂ ಗಟ್ಟಿಯಾಗದೆ ಇರುವುದುಂಟು. 8 ತಿಂಗಳೊಳಗೆ ಮಾರುವುದಿದ್ದರೆ ಬೀಜ ಒಡೆಸುವ ಅಗತ್ಯವಿಲ್ಲ: ಒಡೆಸದ ಮರಿ ಬೇಗ ಬೆಳೆಯುತ್ತದೆ, ನೆಣವೂ ಕಡಿಮೆ. ವರ್ಷ ದಾಟಿಸುವುದಿದ್ದರೆ ಒಡೆಸಿ.

ಕೊಟ್ಟಿಗೆಯಲ್ಲಿ ಕಾಳು ತಿನ್ನಿಸಿ ಭಾರ ಮಾಡುವವರ ದೊಡ್ಡ ನಷ್ಟ ಮೂತ್ರದ ಕಲ್ಲು. ಹೊಟ್ಟು, ಬೂಸಾ, ಕಾಳಿನಲ್ಲಿ ರಂಜಕ (ಫಾಸ್ಫರಸ್) ಹೆಚ್ಚು, ಸುಣ್ಣ (ಕ್ಯಾಲ್ಸಿಯಂ) ಕಡಿಮೆ. ಟಗರಿನ ಮೂತ್ರನಾಳ ಸಪೂರ, ತಿರುವುಳ್ಳದ್ದು. ಹರಳು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಳವೆಯಲ್ಲೇ ಬೀಜ ಒಡೆಸಿದ ಮರಿಯಲ್ಲಿ ನಾಳ ಇನ್ನೂ ಸಪೂರ, ಅಪಾಯ ಇನ್ನೂ ಹೆಚ್ಚು. ಬಾಲ ಅಲ್ಲಾಡಿಸುತ್ತಾ ಮುಕ್ಕಿರಿಯುವ, ಹನಿಹನಿಯಾಗಿ ಹೊಯ್ಯುವ ಟಗರನ್ನು ಕಂಡರೆ ಅಂದೇ ಪಶುವೈದ್ಯರನ್ನು ಕರೆಯಬೇಕು. ಮೂತ್ರಚೀಲ ಒಡೆದರೆ ಮಾಂಸವೂ ಕೆಲಸಕ್ಕೆ ಬಾರದು. ಸುಣ್ಣ–ರಂಜಕದ ಪ್ರಮಾಣ ಎರಡಕ್ಕೆ ಒಂದು ಇರುವಂತೆ ನೋಡಿ, ಉಪ್ಪು ತಪ್ಪಿಸದೆ ಹಾಕಿ, ನೀರು ಸದಾ ಮುಂದಿಡಿ.

ಬಕ್ರೀದಿನ ಟಗರು ಬೇರೆಯೇ ಲೆಕ್ಕ. ಅಲ್ಲಿ 40 ದಾಟಿದ್ದಕ್ಕೆ ಮಾಂಸದ ದರವಲ್ಲ, ಮೈಕಟ್ಟು, ಕೊಂಬು, ಊನವಿಲ್ಲದ ಅಂಗಕ್ಕೆ ಬೆಲೆ. ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಮರಿ ಕೊಳ್ಳುವ ದಿನವನ್ನೂ ಅಷ್ಟೇ ಹಿಂದಕ್ಕೆ ಸರಿಸುತ್ತಾ ಹೋಗಬೇಕು. ಹಬ್ಬ ಕಳೆದು ಉಳಿದ ಟಗರು ಮಾಂಸದ ದರಕ್ಕೆ ಇಳಿಯುತ್ತದೆ.

ತೂಕ ಎಳೆಯದು, ವಯಸ್ಸು ಬಲಿತದ್ದು

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ಒಂದು ಬೇಸಿಗೆ ಮೇವಿಲ್ಲದೆ ಕುಗ್ಗಿ, ಜಂತು ತುಂಬಿ, ಮಳೆಗಾಲದಲ್ಲಿ ಚೇತರಿಸಿಕೊಂಡ ಟಗರು 24 ಕೆ.ಜಿ. ಮುಟ್ಟುವಾಗ 14 ತಿಂಗಳಾಗಿರಬಹುದು. ತೂಕ ಮರಿಯದು, ಮಾಂಸ ಮರಿಯದಲ್ಲ. ಖಂಡವನ್ನು ಕಟ್ಟಿಹಿಡಿಯುವ ನಾರು ವಯಸ್ಸಾದಂತೆ ಒಂದಕ್ಕೊಂದು ಹೆಣೆದುಕೊಂಡು ಬೇಯಿಸಿದರೂ ಕರಗದ ಹಾಗೆ ಆಗುತ್ತದೆ. ಬಿರುಸಿಗೆ ಮುಖ್ಯ ಕಾರಣ ಈ ವಯಸ್ಸು. ಬೇಗ ಬೆಳೆದ 8 ತಿಂಗಳ 30 ಕೆ.ಜಿ. ಮರಿ, ಕುಗ್ಗಿ ಬೆಳೆದ 14 ತಿಂಗಳ 24 ಕೆ.ಜಿ. ಟಗರಿಗಿಂತ ಮೃದು.

ಆದ್ದರಿಂದ ತಕ್ಕಡಿಗೆ ಮುಂಚೆ ಬಾಯಿ ಬಿಡಿಸಿ. ಎಂಟೂ ಹಾಲುಹಲ್ಲು ಇದ್ದರೆ ವರ್ಷದೊಳಗಿನದು. ನಡುವಿನ ಎರಡು ಅಗಲ ಹಲ್ಲು ಬಂದಿದ್ದರೆ ವರ್ಷ ದಾಟಿ ಒಂದೂವರೆಯ ಕಡೆಗೆ. ನಾಲ್ಕು ಹಲ್ಲಾಗಿದ್ದರೆ ಎರಡರ ಹತ್ತಿರ. ಆಮೇಲೆ ಸೊಂಟದ ಮೇಲೆ ಕೈಯಿಡಿ: ಬೆನ್ನೆಲುಬಿನ ತುದಿಗಳು ಚುಚ್ಚಿದರೆ ಇನ್ನೂ ಬಡಕಲು, ಒತ್ತಿದಾಗ ದುಂಡಗೆ ಸಿಕ್ಕರೆ ಹದ, ಎಷ್ಟು ಒತ್ತಿದರೂ ಸಿಗದಿದ್ದರೆ ನೆಣ ಹೆಚ್ಚಾಗಿದೆ. ಉಣ್ಣೆ ದಟ್ಟವಾಗಿರುವ ಡೆಕ್ಕನಿಯಲ್ಲಿ ಕಣ್ಣನ್ನು ನಂಬಬೇಡಿ, ಬೆರಳನ್ನು ನಂಬಿ.

ಕೊಯ್ದ ಮೇಲೆ ಕೆಡಿಸಿಕೊಳ್ಳಬೇಡಿ

ಸರಿಯಾದ ತೂಕ ಆರಿಸಿಯೂ ಮಾಂಸ ಬಿರುಸಾಯಿತು ಎನ್ನುವವರಲ್ಲಿ ಬಹಳ ಮಂದಿ ಎಡವಿರುವುದು ಕೊಯ್ದ ನಂತರದ ಗಂಟೆಗಳಲ್ಲಿ. ಕೊಯ್ದಾಗ ಖಂಡ ಮೆತ್ತಗಿರುತ್ತದೆ, ಕೆಲವು ಗಂಟೆಗಳಲ್ಲಿ ಸೆಟೆಯುತ್ತದೆ, ದಿನ ಕಳೆದ ಮೇಲೆ ಮತ್ತೆ ಸಡಿಲವಾಗುತ್ತದೆ. ಬೆಳಿಗ್ಗೆ ತಂದದ್ದನ್ನು ಎರಡು ಮೂರು ಗಂಟೆಯೊಳಗೆ ಒಲೆಗೆ ಏರಿಸಿ. ಆಗದಿದ್ದರೆ ಫ್ರಿಜ್‌ನಲ್ಲಿಟ್ಟು ಮರುದಿನ ಬೇಯಿಸಿ. ನಡುವಿನ ಸೆಟೆದ ಹೊತ್ತಿನಲ್ಲಿ ಬೇಯಿಸಿದ್ದು ಗಟ್ಟಿ.

ಶೀತಲಗೃಹ ಇರುವವರಿಗೆ ಹಗುರ ಮೈಯೇ ಹೆಚ್ಚು ತಲೆನೋವು. 7 ಕೆ.ಜಿ. ಮೈಗೆ ನೆಣದ ಹೊದಿಕೆ ಇಲ್ಲ, ಬೇಗ ತಣ್ಣಗಾಗುತ್ತದೆ. ಖಂಡದಲ್ಲಿ ಹುಳಿ ಏರಿ ಪಿಎಚ್ (ಹುಳಿಯ ಅಳತೆ; ಹುಳಿ ಏರಿದಷ್ಟೂ ಇದು ಇಳಿಯುತ್ತದೆ) 6ಕ್ಕೆ ಬರುವ ಮುಂಚೆಯೇ ಅದರ ಶಾಖ 10 ಡಿಗ್ರಿಗಿಂತ ಕೆಳಗಿಳಿದರೆ ಎಳೆಗಳು ಕುಗ್ಗಿ ಚರ್ಮದ ಹಾಗಾಗುತ್ತವೆ. ಎಷ್ಟೇ ಎಳೆ ಮರಿಯಾದರೂ ಇದಕ್ಕೆ ಮದ್ದಿಲ್ಲ. ಮೊದಲ 6–8 ಗಂಟೆ 12–15 ಡಿಗ್ರಿಯ ಕೋಣೆಯಲ್ಲಿ ತೂಗುಹಾಕಿ, ಆಮೇಲೆ 0–4 ಡಿಗ್ರಿಗೆ ಸಾಗಿಸಿ. 24 ಕೆ.ಜಿ.ಯ ಮರಿಗೆ ಈ ಅಪಾಯ ಕಡಿಮೆ, 32ರದಕ್ಕೆ ಇನ್ನೂ ಕಡಿಮೆ.

ಓಡಿಸಿ, ಹೆದರಿಸಿ, ಲಾರಿಯಲ್ಲಿ ರಾತ್ರಿಯಿಡೀ ನಿಲ್ಲಿಸಿ ತಂದ ಟಗರಿನ ಖಂಡದಲ್ಲಿ ಸಕ್ಕರೆಯಂಶ ತೀರಿರುತ್ತದೆ. ಮಾಮೂಲಿಗೆ ಮರುದಿನ 5.5–5.8ಕ್ಕೆ ಇಳಿಯಬೇಕಾದ ಪಿಎಚ್ 6ರ ಮೇಲೇ ನಿಲ್ಲುತ್ತದೆ. ಮಾಂಸ ಕಪ್ಪಾಗಿ, ಒಣಕಲಾಗಿ ಕಂಡು ಬೇಗ ಹಳಸುತ್ತದೆ. ಗಿರಾಕಿ ಅದನ್ನು "ಮುದಿ ಕುರಿ" ಅಂದುಕೊಳ್ಳುತ್ತಾನೆ.

ಮಾರುವ ದಿನ ಗೊತ್ತುಮಾಡುವುದು

ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಿ. 28 ಕೆ.ಜಿ. ಮರಿ ದಿನಕ್ಕೆ ಒಣತೂಕದ ಲೆಕ್ಕದಲ್ಲಿ ಸುಮಾರು ಒಂದು ಕೆ.ಜಿ. ಮೇವು ತಿನ್ನುತ್ತದೆ. ಅದಕ್ಕೆ 15 ರೂಪಾಯಿ, ಆಳು–ಔಷಧಿಗೆ 5 ಸೇರಿಸಿದರೆ ದಿನದ ಖರ್ಚು 20. ಜೀವತೂಕದ ದರ ಕೆ.ಜಿ.ಗೆ 400 ಎಂದಿಟ್ಟುಕೊಂಡರೆ ದಿನಕ್ಕೆ 110 ಗ್ರಾಂ ಏರುತ್ತಿರುವ ಮರಿ 44 ರೂಪಾಯಿ ದುಡಿಯುತ್ತಿದೆ. ಏರಿಕೆ 50 ಗ್ರಾಂಗೆ ಇಳಿದ ದಿನ ಅದು ದುಡಿದದ್ದೂ ತಿಂದದ್ದೂ ಸಮ. ನಿಮ್ಮ ಸಂತೆಯ ದರ, ನಿಮ್ಮ ಮೇವಿನ ಬೆಲೆ ಹಾಕಿ ಇದೇ ಲೆಕ್ಕ ತಿರುವಿ. ಹಿಂಡಿನ ಮರಿಗಳೆಲ್ಲ ಒಂದೇ ದಿನ ಆ ಗೆರೆ ಮುಟ್ಟುವುದಿಲ್ಲ. ಬನ್ನೂರು ಅಡ್ಡತಳಿ 22ಕ್ಕೇ ನಿಂತಿರುತ್ತದೆ, ಪಕ್ಕದ ಕೆಂಗುರಿ 30ರಲ್ಲೂ ಏರುತ್ತಿರುತ್ತದೆ. ಲಾರಿ ತುಂಬಲಿ ಅಂತ ಕಾಯದೆ ಮುಟ್ಟಿದವನ್ನು ಮೊದಲು ಕಳಿಸಿ, ಉಳಿದವನ್ನು ಮುಂದಿನ ತೂಕದ ದಿನಕ್ಕೆ ಬಿಡಿ.